ಕೀಲಿ ತಿರುವಿದಾಗ ಬರುವ ಹಾಡು

ನನ್ನ ಅಂಗಡಿ ತಿಕೋಟಾದಲ್ಲಿದೆ. ಟ್ರ್ಯಾಕ್ಟರುಗಳ ವೈರಿಂಗ್ ಮಾಡುವುದು, ಅವುಗಳಿಗೆ ಟೇಪು, ಸ್ಪೀಕರ್ ಕೂರಿಸುವುದು ನನ್ನ ಕೆಲಸ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಕೇಳಿದವರು ಅಯ್ಯೋ ಪಾಪ ಎನ್ನಲಿ ಎಂಬ ಆಸೆಯಂತೂ ಮೊದಲೇ ಇಲ್ಲ. ತಿಕೋಟಾದಿಂದ ಬಬಲೇಶ್ವರದವರೆಗೆ ಎದೆ ನಡುಗಿಸುತ್ತ ಓಡಾಡುವ ಟ್ರ್ಯಾಕ್ಟರುಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಿಂದ ಹೋದವು. ಕ್ಯಾಸೆಟ್ಟಿನ ಕಾಲ ಮುಗಿದು ಎಷ್ಟೋ ವರ್ಷಗಳಾದವು. ಆದರೂ ಪೆನ್‌ಡ್ರೈವ್ ಚುಚ್ಚುವ ಆ ಡಬ್ಬಿಗೆ ನಮ್ಮ ಕಡೆ ಇನ್ನೂ ಟೇಪು ಎಂದೇ ಹೆಸರು.

ನಾನು ಹೆವಿ ಮೆಟಲ್ ಕೇಳುತ್ತೇನೆ. ಇದನ್ನು ಹೇಳಿದರೆ ನಮ್ಮೂರವರು, 'ಆ ಒದರೂದೇನ್ರಿ?' ಎಂದು ನಗುತ್ತಾರೆ. ವಿಜಯಪುರದ ಕಲಿತ ಹುಡುಗರು ನನ್ನ ಉಗುರಿನೊಳಗಿನ ಗ್ರೀಸು ನೋಡಿ ನಗುತ್ತಾರೆ. ಊರವರ ನಗೆಯನ್ನು ನಾನು ಸಹಿಸಬಲ್ಲೆ.

ಈ ಸಂಗೀತ ನನಗೆ ಸಿಕ್ಕಿದ್ದು ವಿಜಯಪುರದಲ್ಲಿ ಕೆಲಸ ಕಲಿಯುವಾಗ. ಯಾರೋ ರಿಪೇರಿಗೆ ಕೊಟ್ಟ ಕಾರಿನ ಟೇಪಿನೊಳಗೆ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಹೆಸರಿಲ್ಲ, ಚಿತ್ರವಿಲ್ಲ. ಹಚ್ಚಿದರೆ ಗ್ರೈಂಡರಿಗೆ ಕಬ್ಬಿಣದ ಪಟ್ಟಿ ಕೊಟ್ಟಂತೆ ಗರ್ರೆನ್ನುವ ಸದ್ದು. ಹೆಡ್ಡಿಗೆ ಮಣ್ಣು ಕೂತಿದೆ ಎಂದು ಸ್ಪಿರಿಟ್ ಹಚ್ಚಿ ಒರೆಸಿದೆ. ಮತ್ತೆ ಗರ್ರ್. ಬೆಲ್ಟ್ ಬದಲಿಸಿದೆ. ಮೋಟರು ಬಿಚ್ಚಿ ಎಣ್ಣೆ ಬಿಟ್ಟೆ. ಸ್ಪೀಕರು ಹರಿದಿರಬೇಕೆಂದು ಬೇರೆ ಸ್ಪೀಕರಿಗೆ ಜೋಡಿಸಿದೆ. ಕೊನೆಗೆ ಗೊತ್ತಾಯಿತು, ಟೇಪಿಗೆ ಏನೂ ಆಗಿಲ್ಲ, ಹಾಡೇ ಹಾಗಿದೆ. ಅಷ್ಟರೊಳಗೆ ಎಷ್ಟು ಸಲ ಕೇಳಿದ್ದೆನೆಂದರೆ, ಮರುದಿನ ಅದಿಲ್ಲದೆ ಕೆಲಸಕ್ಕೆ ಕೈ ಏಳಲಿಲ್ಲ. ಶಬ್ದಗಳು ಒಂದೂ ತಿಳಿಯುತ್ತಿರಲಿಲ್ಲ. ಸಿಟ್ಟು ಮಾತ್ರ ಪೂರ್ತಿ ತಿಳಿಯುತ್ತಿತ್ತು.

ತಿಕೋಟಾದಲ್ಲಿ ಈ ಹುಚ್ಚು ಇದ್ದವರು ಇಬ್ಬರೇ, ನಾನು ಮತ್ತು ನನ್ನ ಒಬ್ಬ ಗೆಳೆಯ. ಅವನು ಒಣದ್ರಾಕ್ಷಿಯ, ನಮ್ಮ ಕಡೆ ಮನೂಕ ಎನ್ನುತ್ತಾರೆ, ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಕೋಣೆಯಲ್ಲಿ ಮುಚ್ಚಿಟ್ಟು ಗಂಧಕದ ಹೊಗೆ ಕೊಡುತ್ತಾರೆ. ಆ ಕೋಣೆಗೆ ತಟ್ಟೆಗಳನ್ನು ಒಯ್ಯುವುದು, ತರುವುದು ಅವನ ಕೆಲಸ. ವರ್ಷಗಟ್ಟಲೆ ಆ ಹೊಗೆ ಕುಡಿದು ಅವನ ಗಂಟಲು ಉಸುಕಿನ ಕಾಗದದಂತಾಗಿದೆ. ಮೆಟಲ್ ಹಾಡುವ ಬೇರೆಯವರು ಆ ದನಿ ಬರಲೆಂದು ಕನ್ನಡಿಯ ಮುಂದೆ ನಿಂತು ಒರಲುತ್ತಾರೆ. ಇವನು 'ಚಾ ಕೊಡ್ರಿ' ಎಂದರೂ ಹೋಟೆಲಿನವ ಹೊರಳಿ ನೋಡುತ್ತಾನೆ.

ಅವನು ಹಳೆಯ ಗಿಟಾರೊಂದನ್ನು ಸಂಪಾದಿಸಿ ಒಂದು ಹಾಡು ಕಟ್ಟಿದ. ಹೊಗೆಕೋಣೆಯಲ್ಲಿ ಸಿಕ್ಕಿಕೊಂಡವನೊಬ್ಬ ಒಳಗಿನಿಂದ ಬಾಗಿಲು ಬಡಿಯುವ ಹಾಡು. 'ಬಾಗಲಾ ತಗೀ, ಬಾಗಲಾ ತಗೀ' ಎಂದು ಒದರಿ ಶುರುವಾಗುತ್ತದೆ, ಆಮೇಲೆ ಗಿಟಾರು ನೆಲಕ್ಕೆ ಬಿದ್ದಂತೆ ಕೆಳಗಿಳಿಯುತ್ತದೆ. ನಡುವೆ ಹೊಗೆ, ಕೆಮ್ಮು, ಸಿಟ್ಟು. ಕೊನೆಗೆ ಎಲ್ಲ ನಿಧಾನವಾಗಿ, ಬಾಗಿಲು ತೆರೆದ ಮೇಲೆ ಅವನು ಹೇಳುತ್ತಾನೆ: 'ಹೊಗಿ ಹೊರಗ ಹೋತು, ನಾ ಒಳಗ ಉಳದೆ.' ಆ ಕೊನೆಯ ಭಾಗವೇ ಹಾಡು, ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ ಎನ್ನುತ್ತಿದ್ದ ಅವನು. ಒಂದು ರವಿವಾರ ಮಧ್ಯಾಹ್ನ ನನ್ನ ಅಂಗಡಿಯ ಶಟರ್ ಇಳಿಸಿ, ಮೊಬೈಲಿನೊಳಗಿನ ಡ್ರಮ್ಮಿಗೆ ಗಿಟಾರು ಕೂಡಿಸಿ ರೆಕಾರ್ಡ್ ಮಾಡಿದೆವು. ಹಳೆಯ ಟೇಪುಗಳ ಬೋರ್ಡ್ ಜೋಡಿಸಿ ಆಂಪ್ಲಿಫೈಯರ್ ಮಾಡಿದವನು ನಾನು. ಅಂಥದ್ದು ಈ ಜಿಲ್ಲೆಯಲ್ಲಿ ಇನ್ನೊಂದಿದ್ದರೆ ತಂದು ತೋರಿಸಲಿ.

ಆ ಹಾಡು ಊರೂರಿಗೆ ಗೊತ್ತಾದದ್ದು ಹೇಗೆಂದು ಹೇಳಬೇಕು.

ಟೇಪಿನಿಂದ ಒಂದು ಹಳದಿ ವೈರು, ಒಂದು ಕೆಂಪು ವೈರು ಬರುತ್ತವೆ. ಕೆಂಪನ್ನು ಕೀಲಿಗೆ ಕೊಡಬೇಕು, ಹಳದಿಯನ್ನು ನೇರ ಬ್ಯಾಟರಿಗೆ. ಟೇಪಿನ ನೆನಪೆಲ್ಲ ಹಳದಿ ವೈರಿನಲ್ಲಿರುತ್ತದೆ. ಬಂದ್ ಮಾಡಿದಾಗ ಹಾಡು ಎಲ್ಲಿತ್ತೋ ಅಲ್ಲಿಂದಲೇ ಮತ್ತೆ ಶುರುವಾಗುವುದು ಅದರಿಂದ. ಆದರೆ ಟ್ರ್ಯಾಕ್ಟರು ಹೊಲದಲ್ಲಿ ದಿನಗಟ್ಟಲೆ ಸುಮ್ಮನೆ ನಿಲ್ಲುತ್ತದೆ, ಹಳದಿ ವೈರು ಬ್ಯಾಟರಿಯನ್ನು ಹನಿಹನಿಯಾಗಿ ಕುಡಿಯುತ್ತದೆ. ಅದಕ್ಕೆ ನಾವು ಎರಡನ್ನೂ ಕೂಡಿಸಿ ಕೀಲಿಗೇ ಕಟ್ಟುತ್ತೇವೆ. ಕೀಲಿ ಬಂದಾದರೆ ಟೇಪಿಗೆ ಎಲ್ಲ ಮರೆತುಹೋಗುತ್ತದೆ. ಮತ್ತೆ ಕೀಲಿ ತಿರುವಿದರೆ ಪೆನ್‌ಡ್ರೈವಿನ ಮೊದಲನೆಯ ಹಾಡಿನಿಂದ ಶುರು.

ಟೇಪು ಕೂರಿಸಿದವರಿಗೆ ಪೆನ್‌ಡ್ರೈವ್ ತುಂಬಿಸಿ ಕೊಡುವುದು ನನ್ನ ರೂಢಿ. ಮೊದಲನೆಯ ಹಾಡಾಗಿ ಗೆಳೆಯನ ಹಾಡನ್ನು ಹಾಕಿದೆ. ಬೇಕೆಂದೇ ಹಾಕಿದೆ. ಊಫರ್ ಪೆಟ್ಟಿಗೆಯ ತಾಕತ್ತು ನೋಡಲು ಆ ಗಿಟಾರು ಬೀಳುವ ಜಾಗಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಹೀಗಾಗಿ ಬೆಳಗಾದರೆ ತಿಕೋಟಾ, ಇಟ್ಟಂಗಿಹಾಳ, ಬಬಲೇಶ್ವರದ ಅಂಗಳಗಳಲ್ಲಿ ಕೀಲಿ ತಿರುವಿದ್ದೇ ತಡ, 'ಬಾಗಲಾ ತಗೀ!' ಡ್ರೈವರನ ಕೈ ಸ್ಟೇರಿಂಗಿನ ಮೇಲೆ, ಕಾಲು ಕ್ಲಚ್ಚಿನ ಮೇಲೆ. ಅಂಗಳದಿಂದ ರಸ್ತೆಗೆ ಬರುವವರೆಗೆ ಒದರಾಟ ನಡೆಯುತ್ತದೆ. ರಸ್ತೆ ಮುಟ್ಟಿದ ಕೂಡಲೇ ಗುಂಡಿ ಒತ್ತಿ ತನ್ನ ಸಿನಿಮಾ ಹಾಡಿಗೆ ಹೋಗುತ್ತಾನೆ. ತಿಂಗಳೊಪ್ಪತ್ತಿನಲ್ಲಿ ಸಂತೆಯಲ್ಲಿ ಮುಚ್ಚಿದ ಅಂಗಡಿಯ ಮುಂದೆ ನಿಂತವರೂ 'ಬಾಗಲಾ ತಗೀ' ಎಂದು ದನಿ ಒಡೆದು ಕೂಗತೊಡಗಿದರು. ಹೆವಿ ಮೆಟಲ್ ಎಂಬ ಹೆಸರೇ ಕೇಳದವರು! ಅವರಿಗೆ ಗೊತ್ತಿದ್ದದ್ದು ಅಂಗಳ ದಾಟುವಷ್ಟು ಹಾಡು.

ಇನ್ನು ವಿಜಯಪುರದವರ ವಿಷಯ. ಅಲ್ಲಿ ಮೆಟಲ್ ಕೇಳುವವರದೊಂದು ಗುಂಪಿದೆ. ಸಂಜೆ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಕರಿ ಅಂಗಿ ಹಾಕಿಕೊಂಡು ಕೂಡುತ್ತಾರೆ. ಹಾಡು ಕೇಳಿದ್ದಕ್ಕಿಂತ ಹಾಡುಗಳಿಗೆ ಬಹಿಷ್ಕಾರ ಹಾಕಿದ್ದೇ ಹೆಚ್ಚು. ಪರದೇಶದ ಯಾವುದೋ ತಂಡ ಮೊದಲು ಚೆನ್ನಾಗಿ ಒದರುತ್ತಿತ್ತಂತೆ, ಆಮೇಲೆ ಒಂದು ಮೆತ್ತನೆಯ ಹಾಡು ಮಾಡಿತಂತೆ, ಅದನ್ನು ಹೆಣ್ಣುಮಕ್ಕಳೂ ಕೇಳಿದರಂತೆ, ಅಂದಿನಿಂದ ಆ ತಂಡ ಸತ್ತಂತೆಯೇ ಅಂತೆ. ಇನ್ನೊಂದು ತಂಡದ ತಲೆಬುರುಡೆಯ ಚಿತ್ರವಿರುವ ಅಂಗಿ ಕೈಗಾಡಿಯ ಮೇಲೆ ಮಾರಾಟಕ್ಕೆ ಬಂದಿದೆ, ಆದ್ದರಿಂದ ಅದೂ ಹೋಯಿತು. ಆ ಅಂಗಿಗಳನ್ನು ನಾನೂ ನೋಡಿದ್ದೇನೆ. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟಣಿ ಕೆಲಸಕ್ಕೆ ಹೋಗುವ ಹುಡುಗರು ಹಾಕುತ್ತಾರೆ. ಬುರುಡೆ ಯಾರದೆಂದು ಕೇಳಿದರೆ, 'ಯಾರಿಗ್ಗೊತ್ರಿ, ಅಂಗಿ ಅರಬಿ ಗಟ್ಟಿ ಐತಿ' ಎನ್ನುತ್ತಾರೆ. ಈ ಉತ್ತರ ನನಗೆ ಆ ಗುಂಪಿನ ಒಂದು ಸಂಜೆಯ ಮಾತಿಗಿಂತ ದೊಡ್ಡದು.

ಗುಂಪಿನ ಮುಖಂಡ ಒಬ್ಬ ಗಡ್ಡದವ. ಎಂಜಿನಿಯರಿಂಗ್ ಮುಗಿಸಿ ಅಪ್ಪನ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಾನೆ. ಅದು ತಪ್ಪಲ್ಲ, ಸೀರೆ ಮಡಚುವುದೂ ಕೆಲಸವೇ. ಆದರೆ ಸಂಜೆ ಕರಿ ಅಂಗಿ ಹಾಕಿ, ಹಗಲೆಲ್ಲ ಹೆಣ ಸುಟ್ಟು ಬಂದವನ ಮೋರೆ ಮಾಡಿಕೊಂಡು ಕೂಡುತ್ತಾನಲ್ಲ, ಅದಕ್ಕೆ ನನಗೆ ಹೇಸಿಕೆ. ಅವನು ಒಂದು ಸಭಾಗೃಹ ಹಿಡಿದು ಕಾರ್ಯಕ್ರಮ ಮಾಡುವವನಿದ್ದ. ನನ್ನ ಗೆಳೆಯನ ಹಾಡು ಕೇಳಿ, 'ಇದು ಅಸಲಿ ಐತಿ, ನೀವು ಹಾಡಬೇಕು' ಎಂದು ಮಾತು ಕೊಟ್ಟಿದ್ದ. ಗೆಳೆಯ ಅಂದಿನಿಂದ ಶೆಡ್ಡಿನಲ್ಲಿ ತಟ್ಟೆ ಎತ್ತುವಾಗಲೂ ಆ ಕೊನೆಯ ಸಾಲನ್ನೇ ಗುನುಗುತ್ತಿದ್ದ. ಜನರ ಮುಂದೆ ಒಂದು ಸಲವೂ ಹಾಡಿದವನಲ್ಲ.

ಕಾರ್ಯಕ್ರಮ ಹತ್ತಿರ ಬಂದಾಗ ನಾವಿಬ್ಬರೂ ಕೇಳಲು ಹೋದೆವು. ಗಡ್ಡದವ ಚಹಾ ತರಿಸಿದ. ಚಹಾ ತರಿಸಿದಾಗಲೇ ನನಗೆ ಸಂಶಯ ಬಂತು.

'ಅಣ್ಣಾ, ತಪ್ಪ ತಿಳ್ಕೋಬ್ಯಾಡ್ರಿ' ಎಂದ ನನಗೆ. 'ಇವರ ಹಾಡ ಈಗ ಮೇನ್‌ಸ್ಟ್ರೀಮ್ ಆಗೇತಿ.'

'ಹಂಗಂದ್ರ ಏನ್ ತಮ್ಮಾ?'

'ಎಲ್ಲಾರಿಗೂ ಗೊತ್ತಾಗೇತಿ ಅಂದ್ರ. ಮೊನ್ನೆ ಅಂಗಡ್ಯಾಗ ಸೀರಿ ತಗೋಳಾಕ ಒಬ್ಬಾಕಿ ಮುದುಕಿ ಬಂದಿದ್ಲು. ನಾ ಲಗೂ ತೋರಸಲಿಲ್ಲಂತ "ಬಾಗಲಾ ತಗೀ, ಬಾಗಲಾ ತಗೀ" ಅಂತಾಳ್ರಿ ನನಗ! ಮುದುಕಿ ಬಾಯಾಗ ಬಂದದ್ದು ಮೆಟಲ್ ಹ್ಯಾಂಗ ಆಗ್ತೈತಿ ನೀವ ಹೇಳ್ರಿ.'

'ಹೋದ ವರ್ಷ ಯಾರಿಗೂ ಗೊತ್ತಿರಲಿಲ್ಲ. ಆವಾಗ ಹಾಡಸ್ತಿದ್ದೇನು?'

'ಆವಾಗ ಇವರದು ಹೆಸರ ಇರಲಿಲ್ಲಲ್ರಿ ಅಣ್ಣಾ.'

ನಾನು ಕಪ್ಪು ಕೆಳಗಿಟ್ಟೆ. 'ಅಂದ್ರ ಯಾರೂ ಕೇಳಿರಬಾರದು, ಆದ್ರ ಹೆಸರ ಇರಬೇಕು. ಸತ್ತಿರಬೇಕು, ಆದ್ರ ಸ್ವತಃ ಎದ್ದ ಬಂದು ಹೇಳಬೇಕು. ಹಂಗಲ್ಲೇನೋ?'

ಅವನ ಗುಂಪಿನವರು ಮೊಬೈಲು ನೋಡತೊಡಗಿದರು. ಗಡ್ಡದವ, 'ಟ್ರ್ಯಾಕ್ಟರ್ ಹಾಡ ಹಾಡಿಸಿದ್ರ ನಾಳೆ ಹೊರಗಿನ ತಂಡದವರು ನಕ್ಕಾರ್ರಿ' ಎಂದ. ನಿಜವಾದ ಮಾತು ಅದು. ಎಷ್ಟು ಜನ ಕೇಳಿದರು ಎಂಬ ಲೆಕ್ಕ ಅವರಿಗೆ ಯಾವತ್ತೂ ಬೇಕಾಗಿರಲಿಲ್ಲ. ಗೊಬ್ಬರ ಹೇರುವವರು ಕೇಳಿದರು, ಅದು ಅವರಿಗೆ ಮೈಲಿಗೆ. ಪೇಟೆಯವರು ಅಷ್ಟೇ ಜನ ಕೇಳಿದ್ದರೆ ಅದಕ್ಕೆ ಬೇರೆ ಹೆಸರಿಡುತ್ತಿದ್ದರು. ಗುಮ್ಮಟದೊಳಗೆ ನಿಂತು ತಮ್ಮ ಕೂಗನ್ನೇ ಮತ್ತೆ ಮತ್ತೆ ಕೇಳಿ ಖುಷಿಪಡುವ ಮಂದಿ.

ಗಾಡಿಯ ಮೇಲೆ ವಾಪಸು ಬರುವಾಗ, ಊರು ದಾಟಿದ ಮೇಲೆ ಹಿಂದೆ ಕೂತ ಗೆಳೆಯ ಹೇಳಿದ, 'ಅವರ ಹೇಳಿದ್ದು ಖೊಟ್ಟಿ ಐತಿ ಲೇ. ನನ್ನ ಹಾಡ ಯಾರಿಗೂ ಗೊತ್ತಿಲ್ಲ.'

'ಊರೆಲ್ಲಾ ಒದರಾಕತ್ತೇತಿ, ಗೊತ್ತಿಲ್ಲಂತಿ?'

'ಬಾಗಲಾ ಬಡಿಯೂದು ಗೊತ್ತೈತಿ. ತಗದ ಮ್ಯಾಲ ಏನಾತು ಯಾರಿಗೆ ಗೊತ್ತೈತಿ ಹೇಳು? ಒಮ್ಮೆ ಮಂದಿ ಮುಂದ ಹಾಡತೀನಿ. ಕಡೀತನಕ ಒಬ್ಬರಾದ್ರೂ ನನ್ನ ಕೂಡ ಹಾಡಕೋತ ಬಂದ್ರ ಎರಡನೇ ಹಾಡ ಕಟ್ಟತೀನಿ. ಇಲ್ಲಂದ್ರ ಗಿಟಾರ ಅಟ್ಟದ ಮ್ಯಾಲ. ಹೆಂಡತಿಗೂ ಹೇಳೀನಿ.'

ಹೇಳಿದರೆ ಮಾಡುವ ಮನುಷ್ಯ ಅವನು. ಬೀಡಿ ಬಿಡುತ್ತೇನೆಂದವನು ಅದೇ ದಿನ ಬಿಟ್ಟವನು.

ಅದೇ ದಿನಗಳಲ್ಲಿ ಬಬಲೇಶ್ವರದ ಹುಡುಗರು ಟ್ರ್ಯಾಕ್ಟರ್ ರಿವರ್ಸ್ ಪಂದ್ಯ ಇಟ್ಟುಕೊಂಡರು. ಹೊಲದಲ್ಲಿ ಸುಣ್ಣದ ಗೆರೆ ಹೊಡೆದು, ಟ್ರೇಲರು ಕಟ್ಟಿದ ಟ್ರ್ಯಾಕ್ಟರನ್ನು ಗೆರೆ ತುಳಿಯದಂತೆ ಹಿಂದಕ್ಕೆ ಓಡಿಸುವ ಪಂದ್ಯ. ಅವರೆಲ್ಲ ನನ್ನ ಗಿರಾಕಿಗಳು. ಅಂಗಡಿಗೆ ಬಂದು, 'ಮಿಸ್ತ್ರಿ, ಬಾಗಲಾ ತಗೀ ಅನ್ನಾಂವ ನಿಮ್ಮ ದೋಸ್ತ್ ಅಂತಲ್ರಿ? ಫೈನಲ್ ಮುಂಚೆ ಹಾಡಸ್ರಿ' ಎಂದರು. ಗೆಳೆಯ ಕೂಡಲೇ ಹೂಂ ಎಂದ. ನಾನು ಆಗಲಿ ಎಂದೆ, ಆದರೆ ಮನಸ್ಸು ಒಪ್ಪಲಿಲ್ಲ. ವಿಜಯಪುರದವರು ಹಾಡು ಗೊತ್ತಾಯಿತೆಂದು ಓಡಿದರು. ಇವರು ಗೊತ್ತಿಲ್ಲದ ಭಾಗ ಬಂದ ಕೂಡಲೇ ಓಡುವವರು. ನನಗೆ ಇವರ ಮೇಲೂ ಅಂಥ ಗೌರವವೇನೂ ಇರಲಿಲ್ಲ.

ಅದರಲ್ಲೂ ಜೈನಾಪುರದ ಒಬ್ಬ ಕಾಕಾನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕೀಲಿ ತಿರುವಿದರೆ ಎಂಜಿನು ಹತ್ತಿಸುವ ಸೆಲ್ಫ್ ಅವನ ಟ್ರ್ಯಾಕ್ಟರಿನಲ್ಲಿ ಕೆಟ್ಟು ಯಾವ ಕಾಲವಾಯಿತೋ. ಮಾಡಿಸಿಕೊಳ್ಳುವವನಲ್ಲ. ಮನೆಯ ಹಿಂದಿನ ದಿಬ್ಬದ ಮೇಲೆ ನಿಲ್ಲಿಸಿಟ್ಟು, ಬೆಳಗ್ಗೆ ಇಳಿಜಾರಿಗೆ ಬಿಟ್ಟು ಚಾಲೂ ಮಾಡಿದರೆ ಸಂಜೆಯವರೆಗೆ ಬಂದ್ ಮಾಡುವಂತಿಲ್ಲ. ನನ್ನ ಅಂಗಡಿಯ ಮುಂದೆಯೂ ಎಂಜಿನು ಧಡಧಡ ಎನ್ನುತ್ತಲೇ ಇರುತ್ತಿತ್ತು, ಹೊಗೆಯೆಲ್ಲ ಒಳಗೆ.

'ಕಾಕಾ, ಹಿಂದಿನ ಲೈಟ್ ಯಾಕ ಮಾಡಸ್ತೀರಿ, ಸೆಲ್ಫ್ ಮಾಡಸ್ರಿ ಮೊದಲ.'

'ದಿಬ್ಬ ಐತಲ್ಲಪಾ ಮಿಸ್ತ್ರಿ.'

'ದಿಬ್ಬ ಹೊತ್ತಗೊಂಡ ತಿರಗತೀರೇನು?'

'ಬಂದ್ ಮಾಡಿದ್ರಲ್ಲ ಚಿಂತಿ' ಎಂದು ನಗುತ್ತಿದ್ದ. ಇಂಥ ಮನುಷ್ಯನಿಗೆ ಏನು ಹೇಳುವುದು? ಎಂಜಿನಿನ ಜೊತೆಗೆ ನಾನು ಕೂರಿಸಿಕೊಟ್ಟ ಟೇಪೂ ದಿನವಿಡೀ ಹಾಡುತ್ತಲೇ ಇರುತ್ತಿತ್ತು. ಅವನು ಅದರ ಗುಂಡಿ ಮುಟ್ಟಿದ್ದನ್ನು ನಾನು ನೋಡಿಲ್ಲ.

ಪಂದ್ಯದ ದಿನ ಎರಡು ಟ್ರೇಲರು ಕೂಡಿಸಿ ವೇದಿಕೆ ಮಾಡಿದ್ದರು. ಸೌಂಡ್ ನನ್ನದೇ. ಬಿಸಿಲು ಇಳಿಯುತ್ತಿತ್ತು. ಗೆಳೆಯ ಶೆಡ್ಡಿನ ಕೆಲಸದ ಅಂಗಿಯಲ್ಲೇ ಗಿಟಾರು ಹಿಡಿದು ಹತ್ತಿದ. ಕೆಳಗಿನಿಂದ ಒಬ್ಬ, 'ಲೇ, ಇಂವ ಏನಲೇ ಹಾಡಾಂವ? ನಮ್ಮ ಮಾಂವನ ಶೆಡ್ಡಿನಾಗ ಮನೂಕ ಹೊರ್ತಾನಲ್ಲ!' ಎಂದ. ನಕ್ಕರು.

ಅವನು ಬಾಯಿ ತೆಗೆದ. 'ಬಾಗಲಾ ತಗೀ!'

ಹೊಲವೇ ಎದ್ದು ನಿಂತಿತು. ಹುಡುಗರು, ಮುದುಕರು, ಟ್ರೇಲರಿನಲ್ಲಿ ಕೂತ ಹೆಣ್ಣುಮಕ್ಕಳು, ಎಲ್ಲರ ಬಾಯಲ್ಲಿ ಒಂದೇ ಕೂಗು. ಗಿಟಾರು ಕೆಳಗೆ ಬಿದ್ದಾಗ ನನ್ನ ಪೆಟ್ಟಿಗೆಗಳು ನೆಲ ನಡುಗಿಸಿದವು. ನನ್ನ ಮೈಮೇಲೆ ಮುಳ್ಳೆದ್ದವು, ಸುಳ್ಳು ಯಾಕೆ ಹೇಳಲಿ. ಗೆಳೆಯನ ಮೋರೆಯ ಮೇಲೆ ನಾನೆಂದೂ ನೋಡದ ಒಂದು ಬೆಳಕಿತ್ತು.

ಆಮೇಲೆ ಅಂಗಳ ಮುಗಿಯಿತು, ರಸ್ತೆ ಬಂತು.

ಗುಂಡಿ ಒತ್ತುವ ಜಾಗ ಬಂದ ಕೂಡಲೇ ಆ ಕೂಗು ಒಮ್ಮೆಲೇ ನಿಂತುಹೋಯಿತು. ಮುಂದೇನೆಂದು ಯಾರಿಗೂ ಗೊತ್ತಿಲ್ಲ. ಒಬ್ಬರ ಮೋರೆ ಒಬ್ಬರು ನೋಡಿದರು. ಹಾಡು ಮುಗಿಯಿತೆಂದು ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಗೆಳೆಯ ಹಾಡುತ್ತಲೇ ಇದ್ದ. 'ಅದ ಹಚ್ರಿ, ಮತ್ತ ಮೊದಲಿಂದ ಹಚ್ರಿ!' ಎಂದು ಒಬ್ಬ ಕೂಗಿದ. ಮನುಷ್ಯನನ್ನೇ ಟೇಪು ಎಂದುಕೊಂಡಿದ್ದ ಕತ್ತೆ. ಸಂಘಟಕರಲ್ಲಿ ಒಬ್ಬ ನನ್ನ ಹತ್ತಿರ ಬಂದು, 'ಮಿಸ್ತ್ರಿ, ಮಂದಿ ಹೊಂಟೈತಿ. ಅದೊಂದು ತುಕಡಾನ ನಾಕ ಸಲ ಹಾಡು ಅನ್ರಿ, ಸಾಕು' ಎಂದ.

'ಹೋಗಾಕ್ ಬಾಗಲಾ ತಗದ ಐತಿ, ಹೋಗಂತ ಹೇಳು' ಎಂದೆ.

ಮೊದಲಿನಿಂದ ಹಚ್ಚೆಂಬ ಕೂಗು ಗೆಳೆಯನಿಗೂ ಕೇಳಿಸಿತ್ತು. ಮೊದಲಿನಿಂದ ಶುರು ಮಾಡಿದ್ದರೆ ಹೊಲ ಮತ್ತೆ ಎದ್ದು ನಿಲ್ಲುತ್ತಿತ್ತು, ಅವನಿಗೂ ಅದು ಗೊತ್ತಿತ್ತು. ಕಣ್ಣು ಮುಚ್ಚಿಕೊಂಡು ನಡುವಿನ ಭಾಗಕ್ಕೆ ಹೋದ. ಜನ ಕಡಲೆಕಾಯಿ ಗಾಡಿಯ ಕಡೆಗೆ, ಫೈನಲ್ಲಿನ ಟ್ರ್ಯಾಕ್ಟರಿನ ಕಡೆಗೆ ಸರಿದರು. ಅವನು ಕಣ್ಣು ತೆರೆದು ಖಾಲಿಯಾಗುತ್ತಿದ್ದ ಹೊಲ ನೋಡಿದ. ಗಿಟಾರು ಹಿಡಿದ ಕೈ ಸಡಿಲಾದದ್ದು ನನಗೆ ಕಂಡಿತು. ಅಟ್ಟ ಹತ್ತುವುದು ಖಾತ್ರಿಯಾಯಿತು ಎಂದುಕೊಂಡೆ.

ಆಗ ಹಿಂದಿನಿಂದ, ಎಂಜಿನಿನ ಧಡಧಡದ ನಡುವೆ, ಇನ್ನೊಂದು ದನಿ ಬಂತು. ಸುರ ಇಲ್ಲ, ತಾಳ ಇಲ್ಲ, ಆದರೆ ಶಬ್ದ ಸರಿಯಾಗಿತ್ತು. ಹೊರಳಿದರೆ ಹೊಲದ ಅಂಚಿನಲ್ಲಿ, ಚಾಲೂ ಇದ್ದ ಟ್ರ್ಯಾಕ್ಟರಿನ ಮೇಲೆ ಕೂತು ಜೈನಾಪುರದ ಕಾಕಾ ಹಾಡುತ್ತಿದ್ದ! ಕೆಮ್ಮಿನ ಭಾಗದಲ್ಲಿ ಕೆಮ್ಮಿದ. ಗಿಟಾರು ನಿಲ್ಲುವಲ್ಲಿ ನಿಂತ. ಪಕ್ಕದವರು ನಗುತ್ತಿದ್ದರು, ಅವನಿಗೆ ಅದರ ಖಬರೇ ಇಲ್ಲ. ಗೆಳೆಯನ ಕೈ ಮತ್ತೆ ಬಿಗಿಯಾಯಿತು. ಕೊನೆಗೆ ಎಲ್ಲ ನಿಧಾನವಾದಾಗ ಒಬ್ಬ ಟ್ರೇಲರಿನ ಮೇಲೆ, ಒಬ್ಬ ಟ್ರ್ಯಾಕ್ಟರಿನ ಮೇಲೆ, ಇಬ್ಬರೂ ಕೂಡಿಯೇ ಹೇಳಿದರು: 'ಹೊಗಿ ಹೊರಗ ಹೋತು, ನಾ ಒಳಗ ಉಳದೆ.'

ಗೆಳೆಯ ಟ್ರೇಲರಿನಿಂದ ಇಳಿದು ನೇರ ಅವನ ಹತ್ತಿರ ಹೋದ. ನಾನೂ ಹಿಂದೆ ಹೋದೆ.

'ಕಾಕಾ, ಪೂರ್ತಿ ಹ್ಯಾಂಗ ಬರ್ತೈತ್ರಿ ನಿಮಗ?'

'ಮಿಸ್ತ್ರಿ ಹಚ್ಚಿ ಕೊಟ್ಟಾನ. ಬಂದ್ ಮಾಡಾಕ ಬರೂದಿಲ್ಲ, ಮುಂದ ಓಡಸೂದು ಗೊತ್ತಿಲ್ಲ. ದಿನಾ ಕೇಳೂದ ಕೇಳೂದು. ಮೊದಮೊದಲ ಇದೇನ ಪೀಡಾ ಅನಸ್ತಿತ್ತಪಾ. ಈಗ ಕಡೀಕ ಬಾಗಲಾ ತಗದ ಮ್ಯಾಲ ಅಂತಾನಲ್ಲ, ಅಲ್ಲಿತನಕ ಕೇಳಲಾರದ ನನಗ ಹೊಲದಾಗ ರಂಟಿ ಹೊಡಿಯಾಕ ಮನಸ ಆಗೂದಿಲ್ಲ. ನಮ್ಮ ತಮ್ಮನೂ ಹೊಗಿ ಶೆಡ್ಡಿನಾಗ ಇದ್ದ.' ಇಷ್ಟು ಹೇಳಿ ಅವನು ಬೇರೆ ಕಡೆ ನೋಡಿದ.

ಆ ದಿನದ ವಿಡಿಯೋ ಹೇಗೋ ವಿಜಯಪುರಕ್ಕೆ ಮುಟ್ಟಿತು. ಗಡ್ಡದವ ಫೋನ್ ಮಾಡಿದ. 'ಅಣ್ಣಾ, ನೋಡಿದೆ. ಮಂದಿ ಎದ್ದ ಹೋಗ್ಯಾರಲ್ರಿ! ಅಂದ್ರ ಇನ್ನೂ ಅಸಲಿ ಐತಿ. ನಮ್ಮ ಕಾರ್ಯಕ್ರಮಕ್ಕ ಬರಾಕ ಹೇಳ್ರಿ ಅವರಿಗೆ.' ಜನ ಬಿಟ್ಟುಹೋದದ್ದನ್ನು ಪದಕದಂತೆ ಎದೆಗೆ ಚುಚ್ಚಿಕೊಳ್ಳುವ ಇಂಥವರ ಜೊತೆ ಜಗಳವಾಡುವುದೂ ದಂಡ. ಫೋನನ್ನು ಗೆಳೆಯನ ಕೈಗೆ ಕೊಟ್ಟೆ. ಅವನು, 'ಶೆಡ್ಡಿನಾಗ ಕೆಲಸ ಐತ್ರಿ' ಎಂದು ಇಟ್ಟುಬಿಟ್ಟ. ಕೆಲಸವೇನೂ ಇರಲಿಲ್ಲ. ನನ್ನ ಅಂಗಡಿಯ ಬೆಂಚಿನ ಮೇಲೆ ಗಿಟಾರು ಹಿಡಿದು ಎರಡನೆಯ ಹಾಡಿನ ಬಾಲ ಹುಡುಕುತ್ತ ಕೂತಿದ್ದ. ಈ ಸಲ ಕೊನೆಯಿಂದ ಕಟ್ಟಿಕೊಂಡು ಬರುತ್ತೇನೆಂದು ಅವನ ಹಟ.

ಕಾಕಾನನ್ನು ನಾನೇ ಕರೆಸಿದೆ. ಸೆಲ್ಫ್ ಬಿಚ್ಚಿ ಹೊಸ ಕಾರ್ಬನ್ ಬ್ರಷ್ ಹಾಕಿದೆ. ಬ್ಯಾಟರಿ ನೋಡಿದೆ. ಆಮೇಲೆ ಟೇಪು ಹೊರಗೆಳೆದು ಹಳದಿ ವೈರನ್ನು ಕೆಂಪಿನಿಂದ ಬೇರೆ ಮಾಡಿ, ನೇರ ಬ್ಯಾಟರಿಗೆ ಎಳೆದೆ. ತಿಕೋಟಾದಲ್ಲಿ ಹಾಗೆ ಎಳೆಸಿಕೊಂಡ ಟ್ರ್ಯಾಕ್ಟರು ಅದೊಂದೇ. ಬ್ಯಾಟರಿ ಕುಡಿದರೆ ಕುಡಿಯಲಿ, ನಾನಿದ್ದೇನೆ ಚಾರ್ಜ್ ಮಾಡಲು.

'ಕಾಕಾ, ಇನ್ನ ಬೇಕಾದಲ್ಲಿ ಬಂದ್ ಮಾಡ್ರಿ. ಎಲ್ಲಿ ಬಿಟ್ಟಿರ್ತೀರಿ, ಅಲ್ಲಿಂದನ ಹಾಡ್ತೈತಿ.'

ಕೀಲಿ ತಿರುವಿದ. ಎಂಜಿನು ಒಂದೇ ಏಟಿಗೆ ಹತ್ತಿತು, ಟೇಪಿನಲ್ಲಿ 'ಬಾಗಲಾ ತಗೀ' ಶುರುವಾಯಿತು. ಅವನು ಕೆಳಗಿಳಿದು, ಹಾಗೇ ಚಾಲೂ ಬಿಟ್ಟು, ಗೆಳೆಯನ ಪಕ್ಕ ಬೆಂಚಿನ ಮೇಲೆ ಬಂದು ಕೂತ. ಹೊಗೆಯೆಲ್ಲ ಮೊದಲಿನಂತೆ ನನ್ನ ಅಂಗಡಿಯೊಳಗೆ.

'ಯಪ್ಪಾ! ಈಗಾರ ಬಂದ್ ಮಾಡ್ರಿ ಮಾರಾಯ್ರ, ಡೀಜಲ್ ಸುಡಾಕತ್ತೇತಿ!'

ಕಾಕಾ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದ.

'ತಡೀ ಮಿಸ್ತ್ರಿ, ಹಾಡ ಮುಗೀಲಿ.'